ಜೋಳದ ಚೀಲದಾಗಿನ ಮೈಕ್ರೋಸ್ಕೋಪು

ಮೂವತ್ತೊಂದು ವರ್ಷ ನೌಕರಿ ಮಾಡಿದ ಹೆಡ್‌ಮಾಸ್ತರ್ ಗುರುಲಿಂಗನ ಮೇಲೆ ನಿನ್ನೆ ಮೊನ್ನೆ ಬಂದ ಪೂರ್ಣಿಮಾ ಟೀಚರ್ ಅರ್ಜಿ ಬರೀತಾಳಂದ್ರ! ಅದೂ ಏನಂತ? ಸರ್ಕಾರ ರೊಕ್ಕ ಕೊಟ್ಟು ಮೂರು ವರ್ಷವಾದರೂ ಗಡಿಯಾಚೆ ನಾಗಲಗಿದ್ದ ಊರಿನ ಕಡೆಯ ಈ ಕನ್ನಡ ಶಾಲೆಯ ಮಕ್ಕಳು ವಿಜ್ಞಾನದ ಒಂದು ಸಾಮಾನನ್ನೂ ಕಣ್ಣಿಂದ ಕಂಡಿಲ್ಲ, ಹತ್ತನೇ ಕ್ಲಾಸಿನಲ್ಲಿ ಅರ್ಧಕ್ಕರ್ಧ ಅದೇ ವಿಷಯದಲ್ಲಿ ನಪಾಸು ಅಂತ. ಹುಡುಗರ ಕೈಗೆ ಗಾಜಿನ ಸಾಮಾನು ಕೊಟ್ರ ಉಳೀತಾವೇನು? ಅದಕ್ಕೇ ಬಂದದ್ದನ್ನೆಲ್ಲ ಅಲಮಾರಿಯಲ್ಲಿಟ್ಟು ಕೀಲಿ ಹಾಕಿದ್ದ. ಆಕಿ ನೌಕರಿ ಕಳೀದೆ ಬಿಡೂದಿಲ್ಲ ಅಂತ ಗುರುಲಿಂಗ ಅವತ್ತೇ ಹಲ್ಲು ಕಡಿದ.

ದಾರಿಯೂ ಸಿಕ್ಕಿತು. ಪ್ರತಿ ಶುಕ್ರವಾರ ಬೆಳಿಗ್ಗೆ ಪೂರ್ಣಿಮಾ ಊರಿನ ಶರಣಬಸಮ್ಮನ ಹತ್ತಿರ ಜೋಳ ಕೊಂಡು, ಚೀಲವನ್ನು ಸ್ಕೂಟಿಯ ಮುಂದಿಟ್ಟುಕೊಂಡು ಶಾಲೆ ಬಿಟ್ಟ ಮೇಲೆ ಜಹೀರಾಬಾದಿನ ಮನೆಗೆ ಒಯ್ಯುತ್ತಾಳೆ. ಅರ್ಜಿ ವಿಚಾರಿಸಲು ಅಧಿಕಾರಿ ಯಾಮಿನಿ ಮೇಡಂ ಬರೋದೂ ಶುಕ್ರವಾರವೇ. ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಾಗ ಗುರುಲಿಂಗ ಅಲಮಾರಿಯಿಂದ ಮೈಕ್ರೋಸ್ಕೋಪಿನ ಡಬ್ಬಿ ತೆಗೆದು ಅಂಗಳದ ಸ್ಕೂಟಿ ಮೇಲಿನ ಚೀಲ ಬಿಚ್ಚಿ ಜೋಳದ ನಡುವೆ ಹೂತ. ಕರ್ಚೀಫಿನಲ್ಲಿ ಹಿಡಿದಿದ್ದ, ಬೆರಳಿನ ಗುರುತು ಎಲ್ಲಿಂದ ಬರಬೇಕು! ಚೀಲದ ಬಾಯಿಗೆ ಅದೇ ಸುತಲಿ ದಾರ, ಅದೇ ಗಂಟು. ಹೆಚ್ಚಾದ ನಾಕು ಸೇರು ಜೋಳ ತನ್ನ ಕಾರಿನ ಡಿಕ್ಕಿಗೆ, ವಾರದ ರೊಟ್ಟಿಗಾತು. ಯಾರು ಬೇಕಾದರೂ ತೆಗೆದಿರಬಹುದು ಅನ್ನಿಸಲಿ ಅಂತ ಅಲಮಾರಿಯ ಕೀಲಿಯನ್ನು ಟೀಚರುಗಳ ಕೋಣೆಯ ಮೊಳೆಗೆ ನೇತುಹಾಕಿದ.

ಮೇಡಂ ಬಂದವರೇ ಮೈಕ್ರೋಸ್ಕೋಪು ಕೇಳಿದರು. ಗುರುಲಿಂಗ ಅಲಮಾರಿ ತೆಗೆದು ತಲೆ ಮೇಲೆ ಕೈ ಹೊತ್ತ.

"ಅಯ್ಯೋ ಮೇಡಂ, ಕಳುವಾಗ್ಯಾದರಿ! ನಿನ್ನೆ ನಾನೇ ಒಂಬತ್ತನೇ ಕ್ಲಾಸಿನ ಮಕ್ಳಿಗೆಲ್ಲಾ ಅದರಾಗ ಉಳ್ಳಾಗಡ್ಡಿ ಸಿಪ್ಪಿ ತೋರಿಸೀನ್ರಿ. ಮೂರು ವರ್ಷದಿಂದ ವಾರಾ ವಾರಾ ತೋರಿಸ್ತೀನ್ರಿ!"

"ಅದನ್ನ ಬರದು ಸಹಿ ಮಾಡ್ರಿ."

ಬರೆದ, ಸಹಿ ಜಡಿದ. ಅರ್ಜಿಯೂ ಸುಳ್ಳಾಯಿತು, ಆಕಿ ಕಳ್ಳಿಯೂ ಆಗ್ತಾಳೆ. ಮಕ್ಕಳನ್ನು ಕೇಳಿದರೂ ಹೆದರಿಕೆಯಿಲ್ಲ. ಹೆಡ್‌ಮಾಸ್ತರ ಮಾತಿಗೆ 'ಹೌದ್ರಿ ಸಾರ್' ಅನ್ನೋದೊಂದನ್ನು ಅವನು ಚೆನ್ನಾಗಿಯೇ ಕಲಿಸಿದ್ದ.

"ಹೊರಗ ಹೋಗೋ ಸಾಮಾನು ಒಮ್ಮೆ ನೋಡ್ರಿ ಮೇಡಂ. ಆ ಸ್ಕೂಟಿ ಮ್ಯಾಲಿನ ಚೀಲ..."

ಚೀಲ ಬಿಚ್ಚಿದರು. ಜೋಳದೊಳಗಿಂದ ಡಬ್ಬಿ ಬಂತು. ಪೂರ್ಣಿಮಾ ಓಡಿ ಮುಂದೆ ಬಂದಳು.

"ನಾ ಅಲ್ಲರಿ ಮೇಡಂ, ಆಣೆ ಮಾಡಿ ಹೇಳ್ತೀನಿ, ನಾ ಅಲ್ಲ!"

ಅದನ್ನು ಕೇಳಿ ಗುರುಲಿಂಗನ ಹೊಟ್ಟೆ ತಣ್ಣಗಾಯಿತು.

ಮೇಡಂ ಜೋಳ ಕೊಡವಿ ಡಬ್ಬಿಯ ಮುಚ್ಚಳ ತೆಗೆಯಲು ಹೋದರು, ಆಗಲಿಲ್ಲ. ಹೊರಳಿಸಿ ನೋಡಿದರು. ಗುರುಲಿಂಗ ಸಹಿ ಮಾಡಿದ ಕಾಗದವನ್ನು ಇನ್ನೊಮ್ಮೆ ಓದಿ, ಮಡಚಿ ಪರ್ಸಿನಲ್ಲಿಟ್ಟುಕೊಂಡರು. "ಸಾರ್, ಒಂದು ಬ್ಲೇಡ್ ಇದ್ರ ಕೊಡ್ರಿ," ಅಂದರು. "ಡಬ್ಬಿಗೆ ಕಂಪನಿಯವರು ಹಚ್ಚಿದ ಟೇಪು ಇನ್ನಾ ಹಾಂಗೇ ಅದ."