ಎರಡನೆಯ ಬೆರಳು ಮರೆತ ಡಾಕ್ಟರ್

"ಬಲಗಾಲಿನ ಬನ್ಯನ್ ಸರಿಪಡಿಸಲಾಗಿದೆ. ಪೇಶಂಟ್ ಆರಾಮ."

ಇಷ್ಟೇ. ಇಡೀ ಆಪರೇಷನ್ನಿಗೆ ಡಾಕ್ಟರ್ ಸಂಜಯ ಬರೆದ ನೋಟು ಇಷ್ಟೇ. ಓದಿ ನನಗೆ ಟೇಬಲ್ಲಿಗೆ ಹಣೆ ಚಚ್ಚಿಕೊಳ್ಳೋಣ ಅನ್ನಿಸಿತು.

ನಾನು ಪದ್ಮಶ್ರೀ. ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ವಿಭಾಗದಲ್ಲಿ ಕೋಡರ್. ಡಾಕ್ಟರು ಬರೆದದ್ದನ್ನು ಓದಿ, ಒಂದೊಂದಕ್ಕೂ ಅದರದೇ ಕೋಡ್ ಹಾಕಿ, ಬಿಲ್ಲನ್ನು ಕಂಪನಿಗೆ ಕಳಿಸುವುದು ನನ್ನ ಕೆಲಸ. ಹೆಬ್ಬೆರಳ ಬುಡದ ಎಲುಬು ಹೊರಗೆ ಚಾಚಿ ಗಂಟಾಗುತ್ತದಲ್ಲ, ಅದೇ ಬನ್ಯನ್. ಗಂಟನ್ನು ಬರೀ ಕೆತ್ತಿ ತೆಗೆದರೆ ಒಂದು ಕೋಡ್, ಎಲುಬು ಕತ್ತರಿಸಿ ಸರಿಸಿ ಸ್ಕ್ರೂ ಹಾಕಿದರೆ ಇನ್ನೊಂದು, ಬಾಜೂ ಬೆರಳನ್ನೂ ನೆಟ್ಟಗೆ ಮಾಡಿದರೆ ಮತ್ತೊಂದು. ಬರೆಯದೆ ಇದ್ದದ್ದು ನಮ್ಮ ಪಾಲಿಗೆ ಆಗಿಯೇ ಇಲ್ಲ.

ಈ ಮನುಷ್ಯನೋ, ಏನನ್ನೂ ಪೂರ್ತಿ ಹೇಳುವವನೇ ಅಲ್ಲ. ಒಂದು ವರ್ಷದಿಂದ ಕ್ಯಾಂಟೀನಿನಲ್ಲಿ ಅವನಿಗೆ ನನ್ನ ಎದುರಿನ ಕುರ್ಚಿಯೇ ಬೇಕು. ನಾನು ತಲೆ ಎತ್ತಿದರೆ ಸಾಕು, ಗೋಡೆಯ ಮೇಲಿನ ಕ್ಯಾಲೆಂಡರ್ ಓದುವವನ ಹಾಗೆ ಕಣ್ಣು ಹೊರಳಿಸುತ್ತಾನೆ. ಕಿವಿಗಳು ಮಾತ್ರ ಕೆಂಪಗಾಗಿರುತ್ತವೆ. ನನಗೂ ಅವನೆಂದರೆ ಜೀವ. ಆದರೆ ಈ ರವಿವಾರ ನನ್ನನ್ನು ನೋಡಲು ಗೋಕಾಕದಿಂದ ಗಂಡಿನ ಕಡೆಯವರು ಬರುವವರಿದ್ದರು. ಅದನ್ನು ಅವನಿಗೆ ಬೇಕಂತಲೇ ಹೇಳಿದೆ. "ಹೌದಾ? ಛಲೋ ಆತು ಬಿಡ್ರಿ" ಅಂದ ಪುಣ್ಯಾತ್ಮ! ಅಷ್ಟರೊಳಗೆ ಅವನು ಬಾಯಿ ಬಿಡದಿದ್ದರೆ ನನ್ನ ಕಥೆ ಮುಗಿದಂತೆ.

ಮೇಲಾಗಿ ಈ ಪೇಶಂಟ್ ಬೇರೆ ಯಾರೂ ಅಲ್ಲ, ಅವನ ತಾಯಿ ರೇಣವ್ವ. ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವರು. ಕುರಿಗಳ ಹಿಂದೆ ಅಡ್ಡಾಡಿಯೇ ಮಗನನ್ನು ಡಾಕ್ಟರ್ ಮಾಡಿದವರು. ಆಪರೇಷನ್ ಮಾಡಿದ್ದು ಹಿರಿಯ ಸರ್ಜನ್. ಸಂಜಯ ಜೊತೆಗೆ ನಿಂತು ಆಮೇಲೆ ನೋಟು ಬರೆದವನು. ಅದನ್ನು ಓದಿದ ಕಂಪನಿಯವರು ಶುಕ್ರವಾರ ಬೆಳಿಗ್ಗೆ ಉತ್ತರ ಕಳಿಸಿದರು: ಇದು ಅಂದಕ್ಕಾಗಿ ಮಾಡಿಸಿಕೊಂಡದ್ದು, ಮಂಜೂರಾಗುವುದಿಲ್ಲ.

ಫೋನ್ ಮಾಡಿ ಅವನನ್ನು ಕರೆಸಿದೆ.

"ನೋಟಿನ್ಯಾಗ ಏನೂ ಇಲ್ಲರಿ ಡಾಕ್ಟರ. ಏನೇನು ಮಾಡೀರಿ, ಅದನ್ನ ಬರೀರಿ."

"ಏನ್ ಬರೀಲಿ? ನೀವ ಹೇಳ್ರಿ, ಹಂಗ ಬರೀತೀನಿ."

"ನಾ ಹೇಳಂಗಿಲ್ಲ. ನಾ ಹೇಳಿಕೊಟ್ಟು ಬರಸಿದ್ರ ಅದು ಖೊಟ್ಟಿ ಆಗ್ತದ. ನಾ ಬರೇ ಕೇಳಬೇಕು, ನೀವು ನಿಮ್ಮಷ್ಟಕ್ಕ ನೀವು ಹೇಳಬೇಕು."

ನಮ್ಮ ಕೆಲಸದ ಕಟ್ಟುನಿಟ್ಟು ಅದು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಡಾಕ್ಟರನ್ನು ಕೇಳುವಂತಿಲ್ಲ.

"ಭಾಳ ತ್ರಾಸಿನ ಕೆಲಸ ಐತಿ ನಿಮ್ದು," ಅಂದ.

"ತ್ರಾಸು ಕೆಲಸದ್ದಲ್ಲರಿ. ನಿಮ್ದು."

ನಕ್ಕ. ಆ ನಗು ನೋಡಿ ನನ್ನ ಅರ್ಧ ಸಿಟ್ಟು ಇಳಿದುಹೋಯಿತು. ಹಾಗೆ ಇಳಿದದ್ದಕ್ಕೇ ಮತ್ತಷ್ಟು ಸಿಟ್ಟು ಬಂತು.

ಕೂತು ಬರೆದ. ಎಲುಬನ್ನು ಎಲ್ಲಿ ಕತ್ತರಿಸಿದ್ದು, ಎತ್ತ ಸರಿಸಿದ್ದು, ಸ್ಕ್ರೂ ಎಲ್ಲಿ ಹಾಕಿದ್ದು, ಎಲ್ಲ ಬಂತು. ಆದರೆ ಎರಡನೆಯ ಬೆರಳು? ಅದರ ತುದಿಯಿಂದ ಸಣ್ಣ ತಂತಿ ಹೊರಗೆ ಇಣುಕುವುದನ್ನು ವಾರ್ಡಿನಲ್ಲಿ ನಾನೇ ಕಣ್ಣಾರೆ ನೋಡಿದ್ದೆ.

"ಇನ್ನೇನರ ಉಳದದ ಏನ್ರಿ?"

"ಇಲ್ಲಲ್ಲ."

"ವಿಚಾರ ಮಾಡ್ರಿ."

"ಇಷ್ಟ ನೋಡ್ರಿ."

ಅಯ್ಯೋ ಶಿವನೇ! ಹೆತ್ತ ತಾಯಿಯ ಬೆರಳು! "ಏಳ್ರಿ, ವಾರ್ಡಿಗೆ ಹೋಗೂಣು," ಅಂತ ಎಬ್ಬಿಸಿಕೊಂಡು ಹೊರಟೆ.

ರೇಣವ್ವ ದಿಂಬಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು. "ಬಾ ತಂಗಿ. ಏನಂತಾರ ಕಂಪನಿಯವರು?"

"ಚಂದ ಕಾಣಾಕ ಮಾಡಿಸಿಕೊಂಡೀರಂತ, ಯವ್ವಾ."

ರೇಣವ್ವ ಬಿದ್ದು ಬಿದ್ದು ನಕ್ಕರು. "ನನ್ನ ಕಾಲು ನೋಡವರು ಯಾರವಾ? ಕುರಿಗೋಳೇನು?"

ನಾನು ಸಂಜಯನ ಕಡೆ ತಿರುಗಿದೆ. "ಕಾಲು ನೋಡಿ ಹೇಳ್ರಿ. ಏನೇನು ಮಾಡೀರಿ?"

ಅವನು ಹೆಬ್ಬೆರಳನ್ನೇ ನೋಡುತ್ತ ನಿಂತ. ರೇಣವ್ವನಿಗೆ ತಡೆಯಲಾಗಲಿಲ್ಲ.

"ಯಪ್ಪಾ ಸಂಜ್ಯಾ, ಈ ಬೆರಳು ಹೆಬ್ಬೆರಳ ಮ್ಯಾಲ ಹತ್ತಿ ಕುಂತಿತ್ತಲ್ಲೋ. ಆಪರೇಷನ್ನಿನ ಮೊದಲ ತಗೀಬೇಕಂದ್ರ ಕಾಲುಂಗರ ಹೊರಗ ಬರಲಿಲ್ಲ. ಗಂಡ ಇರೂತನಕ ತಗ್ಯಂಗಿಲ್ಲಂತ ನಾ ಹಟ ಹಿಡದ್ರ, ನಿಮ್ಮಪ್ಪನ ಬಂದು, ತಾನ ಮುಂದ ನಿಂತು, ಪತ್ತಾರನ ಕಡಿಂದ ಕತ್ತರಿಸಿ ತಗಸಿದ. ಅವತ್ತು ನನ್ನ ಕೈ ಹಿಡಕೊಂಡು ಅತ್ತಾವ ನೀನ. ಈ ಬೆರಳ ಮರತಿ?"

ಸಂಜಯನ ಮುಖ ಸಪ್ಪಗಾಯಿತು. "ಅದಕ್ಕ ಅವ್ವಾ," ಅಂದ ಮೆಲ್ಲಗೆ. "ಅದನ್ನ ನೆನಸಾಕ ಮನಸ ಬರವಲ್ದು ನನಗ."

ಅಲ್ಲಿಯೇ ನಿಂತು ಬರೆದುಕೊಟ್ಟ. ನನ್ನ ಸಿಟ್ಟು ಕರಗುವುದರಲ್ಲಿತ್ತು, ಆದರೆ ರೇಣವ್ವ ಬಿಡಬೇಕಲ್ಲ!

"ಇನ್ನೊಂದೂ ಹೇಳಿಬಿಡು. ಈಕಿನ್ನ ನೋಡಾಕ ಯಾರೋ ಬರಾಕತ್ತಾರಂತ ನೀ ಊಟ ಬಿಟ್ಟು ಕುಂತಿ. ನಾವು ಕುರುಬರು, ಅವರು ಲಿಂಗಾಯತರು, ಪ್ಯಾಟ್ಯಾಗ ದೊಡ್ಡ ಅಂಗಡಿ ಅದ, ಅವರಪ್ಪ ಒಪ್ಪಂಗಿಲ್ಲಂತ ನೀನ ಹೇಳ್ಕೊಂಡು ಕುಂತಿ. ಈಕಿನ್ನ ಕೇಳಿಯೇನು?"

ನನಗೆ ಅಳುವೂ ಬಂತು, ಉರಿಯೂ ಹತ್ತಿತು. "ನನ್ನ ಉತ್ತರಾನೂ ನೀವ ಕೊಟ್ಟುಕೊಂಡು ಬಿಟ್ಟೀರೇನ್ರಿ?"

ಅವನು ತಾಯಿಯ ಕಾಲಡಿಯ ದಿಂಬು ಸರಿಮಾಡತೊಡಗಿದ.

"ಹೋಗ್ಲಿ. ಅವ್ವ ಹೇಳಿದ್ರಂತ ಈಗ ಹೂಂ ಅನ್ನಬ್ಯಾಡ್ರಿ ಮತ್ತ. ನನಗ ಹಂತಾ ಹೂಂ ಬ್ಯಾಡ," ಅಂದವಳೇ ಫೈಲು ಕಿತ್ತುಕೊಂಡು ಹೊರಗೆ ಬಂದೆ.

ಹೊಸ ನೋಟು ಕಂಪನಿಗೆ ಕಳಿಸಿದ್ದಕ್ಕೆ ಶನಿವಾರ ಬೆಳಿಗ್ಗೆ ಮಂಜೂರಾತಿ ಬಂತು. ಸಂಜಯ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಖಾನಾಪುರದ ದಾರಿ ಹಿಡಿದ. ನನಗೊಂದು ಮಾತಿಲ್ಲ, ಕತೆಯಿಲ್ಲ. ಗೋಕಾಕದವನಾದರೂ ಬಾಯಿ ಇದ್ದವನಿರಲಿ ಎಂದುಕೊಂಡು ಮನೆಗೆ ಬಂದೆ. ಬಂದು, ಬಚ್ಚಲುಮನೆಯ ನಲ್ಲಿ ತಿರುವಿ, ಮನಸಾರೆ ಅತ್ತೆ.

ಸಂಜೆ ಅಪ್ಪನ ಫೋನ್ ಬಂತು. ಅಪ್ಪ ಬಾಳಾಸಾಹೇಬರದು ಊರಿನ ರವಿವಾರ ಪೇಟೆ ಎಂಬ ಬಜಾರಿನಲ್ಲಿ ಬೆಲ್ಲದ ಹೋಲ್‌ಸೇಲ್ ಅಂಗಡಿ. "ಪದ್ಮಾ, ಅಂಗಡಿಗಿ ಬಾ. ಯಾರೋ ಡಾಕ್ಟರ್ ಬಂದಾನ. ಹೋಗು ಅಂದ್ರ ಹೋಗವಲ್ಲ, ಕುಂದ್ರು ಅಂದ್ರ ಕುಂದ್ರವಲ್ಲ."

ಓಡಿದೆ. ಸಂಜಯ ಬೆಲ್ಲದ ಪೆಂಟೆಗಳ ನಡುವೆ ಬೆವೆತು ನಿಂತಿದ್ದ. ಹಮಾಲರು ಕೆಲಸ ಬಿಟ್ಟು ಮೋಜು ನೋಡುತ್ತಿದ್ದರು.

"ನಿಮ್ಮ ಮಗಳನ್ನ ಕೊಡ್ರಿ ಅಂತ ಕೇಳಾಕತ್ತಾನ," ಅಂದರು ಅಪ್ಪ. "ಆಗಂಗಿಲ್ಲ ಅಂದೆ. ಮತ್ತ ಕೇಳಿದ. ಬೈದೆ. ಮತ್ತೂ ಕೇಳಿದ. ನಿನಗ ಗೊತ್ತೇನಿದು?"

"ನನಗೂ ಈಗ ಗೊತ್ತಾಗಾಕತ್ತದಪ್ಪಾ!" ಅವನ ಕಡೆ ತಿರುಗಿದೆ. "ಏನ್ರಿ ಡಾಕ್ಟರ, ನನಗ ಒಂದ್ ಮಾತು ಹೇಳದ ಅಪ್ಪನ ಕಡೆ ಬಂದೀರೇನು?"

ಅವನು ಮೊದಲ ಸಲ ಕಣ್ಣು ಹೊರಳಿಸದೆ ನನ್ನನ್ನು ನೋಡಿದ. "ನಿನ್ನಿ ನಿಮ್ಮ ಸಿಟ್ಟು ನೋಡಿದ ಮ್ಯಾಲ ನೀವು ಹೂಂ ಅಂತೀರಂತ ಗೊತ್ತಾತ್ರಿ. ನೀವು ಮೊದಲ ಹೂಂ ಅಂದಿದ್ರ ಈ ಬೈಗಳೆಲ್ಲ ನಿಮಗ ಬೀಳ್ತಿದ್ದು. ಅದಕ್ಕ ನಾನ ಬಂದು ಮೊದಲ ಬೈಸಿಕೊಂಡೆ. ಪದ್ಮಶ್ರೀ, ನಿಮ್ಮ ಮ್ಯಾಲ ನನಗ ಭಾಳ ಪ್ರೀತಿ ಐತಿ. ನಿಮ್ಮನ್ನ ಬಿಟ್ಟು ಇರಾಕ ನನ್ನ ಕಡಿಂದ ಆಗಂಗಿಲ್ಲ."

ಕಣ್ಣು ತುಂಬಿ ಅವನ ಮುಖವೇ ಕಾಣದಾಯಿತು. "ಇಷ್ಟು ಹೇಳಾಕ ಒಂದು ವರ್ಷ ಬೇಕಾತೇನ್ರಿ? ಜೀವಾ ತಿಂದ್ರಲ್ರಿ ನನ್ನ!"

ಅಪ್ಪ ನನ್ನನ್ನು ನೋಡಿದರು, ಅವನನ್ನು ನೋಡಿದರು. "ನೀ ಏನಂತಿ?" ಅಂತ ನನ್ನನ್ನು ಕೇಳಿದರು.

"ನನಗ ಇವರ ಬೇಕಪ್ಪಾ."

ಅಪ್ಪ ತಕ್ಕಡಿಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟರು. ಆಮೇಲೆ ಫೋನ್ ತೆಗೆದು ಗೋಕಾಕಕ್ಕೆ ಹಚ್ಚಿ, ನಾಳೆ ಬರಬ್ಯಾಡ್ರಿ ಅಂತ ಹೇಳಿಬಿಟ್ಟರು.

"ನಾ ಇನ್ನೂ ಒಪ್ಪಿಲ್ಲ, ತಿಳೀತಿಲ್ಲೋ?" ಅಂದರು ಸಂಜಯನಿಗೆ. "ನಿಮ್ಮವ್ವ ಕಾಲೂರಿ ಅಡ್ಡಾಡಂಗಾದ ಮ್ಯಾಲ ಕರಕೊಂಡು ಬಾ. ಹಿರೇರು ಕುಂತು ಮಾತಾಡೂಣು."

"ಆಗ್ಲಿರಿ," ಅಂದ ಸಂಜಯ. ಅಂದವನು ಆಗ ಅಲ್ಲೇ ಬೆಲ್ಲದ ಪೆಂಟೆಯ ಮೇಲೆ ಕೂತುಬಿಟ್ಟ.

"ಎಷ್ಟು ದಿನಕ್ಕ ಅಡ್ಡಾಡ್ತಾರ್ರಿ ಅವರು?" ಕಣ್ಣೊರೆಸಿಕೊಳ್ಳುತ್ತ ಕೇಳಿದೆ.

"ಆರು ವಾರರೀ."

"ಆರು ವಾರಾ?" ಅಂತ ನಾನು ಚೀರಿದ್ದಕ್ಕೆ ಹಮಾಲರೆಲ್ಲ ಹೋ ಅಂತ ನಕ್ಕರು. ಅಪ್ಪನೂ ನಗು ಮುಚ್ಚಿಕೊಳ್ಳಲು ಮುಖ ಆಚೆ ತಿರುಗಿಸಿದರು.