ಹೆಸರಿನ ಮೇಲೆ ಕುಳಿತ ಖಣದ ಗಂಟು

ಸೋಮವಾರ ಬೆಳಿಗ್ಗೆ ಇಳಕಲ್ಲಿನಲ್ಲಿ ಒಂದು ಹೆಸರು ಕಳುವಾಗಿತ್ತು.

ಶಿವಲಿಂಗವ್ವ ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದಳು. ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತಳಾದ ಮೇಲೆ ಅವಳಿಗೆ ಶಿವ ಮತ್ತು ನೆರೆಹೊರೆ, ಇಷ್ಟೇ ಸಂಸಾರ. ಪಕ್ಕದ ಮನೆಯ ಮಗ್ಗದ ಸದ್ದು ದಿನವೂ ಅವಳ ಪೂಜೆಗೆ ತಾಳ ಹಾಕುತ್ತಿತ್ತು. ಇವತ್ತು ಆ ತಾಳ ನಿಂತಿತ್ತು. ಯಾಕೆ ಎಂದು ಯೋಚಿಸುವಷ್ಟರಲ್ಲಿ ನೇಕಾರ ನಿಂಗಣ್ಣನ ಮಗಳು ಚೇತನಾ ಓಡಿ ಬಂದಳು.

"ಕಾಕೂ, ನಮ್ಮ ಹೆಸರು ಯಾರೋ ತಗೊಂಡಾರ!"

"ಮೊದಲ ಕೂಡು. ಯಾವ ಹೆಸರವಾ?"

"ವೆಬ್‌ಸೈಟಿಂದು. ಇಳಕಲ್ ಸೀರೆ ಮಗ್ಗ ಡಾಟ್ ಇನ್."

ಆ ಹೆಸರಿಗಾಗಿ ತಂದೆ ಮಗಳು ತಿಂಗಳುಗಟ್ಟಲೆ ಜಗಳಾಡಿದ್ದು ಶಿವಲಿಂಗವ್ವ ಗೋಡೆಯಾಚೆಯಿಂದ ಕೇಳಿದ್ದಳು. ನಿಂಗಣ್ಣನಿಗೆ ತನ್ನ ಹೆಸರೇ ಇರಬೇಕು. ಚೇತನಾ ಒಪ್ಪಿರಲಿಲ್ಲ. "ಪುಣೆದಾಗಿನ ಹೆಣ್ಮಗಳು ಗೂಗಲ್‌ನ್ಯಾಗ ನಿಂಗಣ್ಣ ಅಂತ ಹುಡುಕ್ತಾಳೇನಪ್ಪಾ? ಇಳಕಲ್ ಸೀರಿ ಅಂತ ಹುಡುಕ್ತಾಳ. ಹುಡುಕೋರ ಬಾಯಾಗಿನ ಮಾತ ನಮ್ಮ ಹೆಸರಾಗಬೇಕು. ಸಣ್ಣದಿರಬೇಕು, ಒಮ್ಮೆ ಕೇಳಿದ್ರ ನೆನಪಿರಬೇಕು." ಕೊನೆಗೆ ಅವಳೇ ಗೆದ್ದಿದ್ದಳು.

ಗೆದ್ದ ಹೆಸರನ್ನು ಕೂಡಲೇ ಕೊಳ್ಳಲಿಲ್ಲ. ಹೆಸರಿಡುವುದಕ್ಕೆ ಸೋಮವಾರವೇ ಆಗಬೇಕೆಂದು ನಿಂಗಣ್ಣ ಪಟ್ಟು ಹಿಡಿದ. ಆದರೆ ಮಗ್ಗ ಸೋಮವಾರಕ್ಕೆ ಕಾಯುತ್ತದೆಯೇ? ಒಂದು ಹಾಸಿನ, ಅಂದರೆ ಒಮ್ಮೆ ಮಗ್ಗಕ್ಕೆ ಹೂಡಿದ ನೂಲಿನ ಸೀರೆಗಳನ್ನೆಲ್ಲ ನೇಯ್ದು ಮುಗಿಸಿದ್ದ. ಪ್ರತಿ ಸೆರಗಿನ ತುದಿಗೂ ಬಿಳಿ ರೇಷ್ಮೆಯಲ್ಲಿ ಆ ಹೆಸರೇ ಕೂತಿತ್ತು. ಗುರುವಾರ ಅವು ಪುಣೆಯ ಪ್ರದರ್ಶನಕ್ಕೆ ಹೊರಡಬೇಕು.

"ಅಪ್ಪ ಈ ಒಂದು ಹಾಸು ನನ್ನ ಕೈಯಾಗ ಕೊಟ್ಟಾನ್ರಿ. ಇದು ನಡೀಲಿಲ್ಲಂದ್ರ ಮತ್ತ ನಾಗಲಿಂಗ ಸಾವಕಾರಗ ಅಂವಾ ಹೇಳಿದ ರೇಟಿಗೆ ಹಾಕೂದ," ಎಂದು ಚೇತನಾ ಕಣ್ಣೊರೆಸಿಕೊಂಡಳು. "ನಮ್ಮ ಸೆರಗು ನೋಡಿ ಮಂದಿ ಇನ್ಯಾರದೋ ಅಂಗಡಿಗೆ ಹೋಗ್ತಾರ, ಕಾಕೂ."

ಶಿವಲಿಂಗವ್ವ ಚಪ್ಪಲಿ ಮೆಟ್ಟಿದಳು.

* * *

ಅಫ್ಸರನ ಕಂಪ್ಯೂಟರ್ ಅಂಗಡಿ. ಚೇತನಾ ಹೆಸರು ಹುಡುಕಿದ್ದೆಲ್ಲ ಇಲ್ಲೇ.

"ನಿನ್ನೆ ಸಂಜೀಕ ತಗೊಂಡಾರ್ರಿ, ಅಮ್ಮಾರ. ಮಾಲಕರ ಹೆಸರು ಕಾಣಂಗಿಲ್ಲ," ಎಂದ ಅಫ್ಸರ.

"ನೀ ಎಲ್ಲಿದ್ದಿ ನಿನ್ನೆ?"

"ಕೆರೂರಾಗ, ತಂಗಿ ತಸ್ಲೀಮಾನ ನಿಕಾಹ್. ಬಿರಿಯಾನಿ ಬಡಸೂದರಾಗ ಫೋನ್ ಹಿಡಿಯಾಕೂ ಕೈ ಖಾಲಿ ಇರಲಿಲ್ಲ. ಮತ್ತ ಹೆಸರು ಕದಿಯೋರು ಮಾರಾಕ ಕದೀತಾರ್ರಿ. 'ಮಾರಾಟಕ್ಕಿದೆ' ಅಂತ ಬೋರ್ಡ್ ಹಾಕ್ತಾರ. ಇಲ್ಲಿ ನೋಡ್ರಿ ಏನೈತಿ."

ಪರದೆಯ ಮೇಲೆ ಒಂದೇ ಒಂದು ಚಿತ್ರ. ಕೆಂಪು ಖಣದ, ಅಂದರೆ ಕುಪ್ಪಸದ ಬಟ್ಟೆಯ ಒಂದು ಗಂಟು. ಅಕ್ಷರವಿಲ್ಲ, ಬೆಲೆಯಿಲ್ಲ.

"ಖಣಾ!" ಚೇತನಾ ಹಲ್ಲು ಕಡಿದಳು. "ನಾಗಲಿಂಗ ಸಾವಕಾರಂದ ಖಣದ ಅಂಗಡಿ."

* * *

ನಾಗಲಿಂಗ ಗಾದಿಯ ಮೇಲೆ ಒರಗಿಕೊಂಡೇ ಚಿತ್ರ ನೋಡಿ ನಕ್ಕ.

"ನಾ ತಗೊಂಡಿದ್ರ ಅದರಾಗ ನನ್ನ ಫೋಟೋ, ನಂಬರ್, ದೀಪಾವಳಿ ರಿಯಾಯ್ತಿ ಎಲ್ಲಾ ಇರ್ತಿತ್ರಿ. ಹಿಂಗ ಮೂಕಾಗಿ ಇರ್ತಿದ್ದಿಲ್ಲ." ಫೋನನ್ನು ಹತ್ತಿರ ಹಿಡಿದ. "ಮತ್ತ ಅಂಗಡ್ಯಾಗ ಖಣಾ ಹಿಂಗ ಯಾರೂ ಕಟ್ಟೂದಿಲ್ಲ. ಒಳಗ ಏನೋ ಐತಿ, ವಜ್ಜಾ ಐತಿ. ಕೆಳಗಿನ ಅರಿವಿ ಹೆಂಗ ಜಗ್ಗೇತಿ ನೋಡ್ರಿ."

ಶಿವಲಿಂಗವ್ವ ನೋಡಿದಳು. ಹೌದು. ಗಂಟಿನ ಕೆಳಗೆ ಒಂದು ಸೀರೆ ಜೋಲಿಯಂತೆ ಬಾಗಿತ್ತು. ಚಿತ್ರದ ಅಂಚಿನಲ್ಲಿ ಒಂದು ಹಗ್ಗ. ಗಂಟಿನ ನೆತ್ತಿಗೆ ಚಿಟಿಕೆ ಕುಂಕುಮ.

ಅವಳ ಮುಖದ ಮೇಲೆ ಮೆಲ್ಲಗೆ ನಗೆ ಮೂಡಿತು.

* * *

ನಿಂಗಣ್ಣ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದ.

"ನಿಂಗಣ್ಣ, ಆ ಹೆಸರು ಯಾರ್ಯಾರಿಗೆ ಹೇಳಿದ್ದೆಪ್ಪಾ?"

"ಅದೇನ ಗುಟ್ಟೇನ್ರಿ ಅಕ್ಕಾರ? ಚಾದಂಗಡ್ಯಾಗ ಹೇಳೀನಿ. ಕಟಿಂಗ್ ಮಾಡಾಂವಗ ಹೇಳೀನಿ. ಬಾದಾಮಿ ಬಸ್ಸಿನ ಕಂಡಕ್ಟರಗ ಹೇಳೀನಿ."

"ಊರ ಮಂದೀನೆಲ್ಲಾ ಆರೋಪಿ ಮಾಡಿಟ್ಟಿ ಬಿಡು. ಇರಲಿ, ಯಾರಿಗೆ ಹೇಳಿಲ್ಲ ಅದನ್ನ ಹೇಳು."

ನಿಂಗಣ್ಣ ಬೆರಳೆಣಿಸುತ್ತ ಹೋಗಿ ಒಂದು ಬೆರಳಿಗೆ ನಿಂತ. ತಲೆ ತಗ್ಗಿಸಿದ.

"ನಾಳೆ ಮುಂಜಾನೆ ಮೂರೂ ಮಂದಿ ಚೊಳಚಗುಡ್ಡಕ್ಕ ಹೋಗೂಣು," ಎಂದಳು ಶಿವಲಿಂಗವ್ವ. "ಗುಗ್ಗರಿ ಕುದಿಸಿ ಡಬ್ಬಿ ತುಂಬ್ರಿ."

* * *

ಚೊಳಚಗುಡ್ಡದಲ್ಲಿ ಬನಶಂಕರಿಗೆ ಕೈಮುಗಿದು, ಅವರು ನಿಂಗಣ್ಣನ ಅಕ್ಕ ಮಹಾನಂದಾಳ ಮನೆಗೆ ಬಂದರು. ಪಡಸಾಲೆಯ ತೊಲೆಗೆ ಒಂದು ಸೀರೆಯ ತೊಟ್ಟಿಲು ಕಟ್ಟಿತ್ತು. ಆ ಮನೆಯಲ್ಲಿ ಕೂಸು ಇರಲಿಲ್ಲ. ತೊಟ್ಟಿಲೊಳಗೆ ಕೆಂಪು ಖಣದ ಗಂಟು ಮಲಗಿತ್ತು.

ಶಿವಲಿಂಗವ್ವ ಗಂಟು ಬಿಚ್ಚಿದಳು. ಒಳಗೆ ಅಡುಗೆಮನೆಯ ರುಬ್ಬುವ ಗುಂಡಕಲ್ಲು.

"ಕೂಸಿಗೆ ಹೆಸರಿಡೂ ದಿನ ತೊಟ್ಟಿಲಿಗೆ ಮೊದಲ ಹಾಕೂದ ಕೂಸನ್ನಲ್ಲ, ಖಣದಾಗ ಸುತ್ತಿದ ಈ ಕಲ್ಲನ್ನ," ಎಂದಳು. "ಕೂಸು ಬರೂತನಕಾ ಜಾಗಾ ಕಾಯಾಕ. ಕಳ್ಳ ಆಗಿದ್ರ ಹೆಸರು ಮಾರ್ತಿದ್ದ. ಸಾವಕಾರ ಆಗಿದ್ರ ತನ್ನ ಅಂಗಡಿ ತೆರೀತಿದ್ದ. ಇಲ್ಲಿ ಹೆಸರಿನ ಮ್ಯಾಲ ಕಲ್ಲಿಟ್ಟು ಕಾಯಾಕತ್ತಿದ್ರು. ಕಾಯೋರು ಯಾರು? ಹೆಸರಿಡೂ ಹಕ್ಕಿದ್ದು, ಕರಿಯದ ಉಳಿದಾಕಿ. ಸೋದರತ್ತಿ."

ಮಹಾನಂದಾ ಸೆರಗಿನಿಂದ ಮೂಗೊರೆಸಿಕೊಂಡಳು.

"ಈ ಚೇತನಾನ ಹೆಸರಿಟ್ಟಾಕಿ ನಾನ. ಆ ಮನಿಯಾಗ ಮತ್ತೊಂದು ಕೂಸಿನಂಗ ಈ ವೆಬ್‌ಸೈಟ್ ಹುಟ್ಟತೈತಿ, ಅದರ ಹೆಸರು ನನಗ ಯಾರು ಹೇಳಬೇಕ್ರಿ? ಬಸ್ ಕಂಡಕ್ಟರ್! ಕೇಳಿ ಸಿಟ್ಟು ಬಂತು. ಮುಂದ ಅಂಜಿಕಿ ಬಂತು. ಹಾದಿಹೋಕರಿಗೆಲ್ಲಾ ಹೇಳ್ಯಾನ ನನ್ನ ತಮ್ಮ, ಸೋಮವಾರತನಕಾ ಉಳೀತೈತೇನು? ನಮ್ಮ ಮಹಿಳಾ ಸಂಘದ ಅರಿವಿ, ಹಪ್ಪಳಾ ಎಲ್ಲಾ ನಾನ ಫೋನಿನ್ಯಾಗ ಮಾರ್ತೇನಿ. ಹೆಸರು ತಗೊಳ್ಳೂದು ನನಗ ಬರೂದಿಲ್ಲೇನು?"

"ತಗೊಂಡು ಒಂದ ಫೋನ್ ಮಾಡಬೇಕಲ್ಲಾ, ಅತ್ತಿ! ಜೀವಾ ಹಾರಿಹೋಗಿತ್ತು ನನಗ," ಎಂದಳು ಚೇತನಾ.

"ಹೆಸರಿಡೂ ಅತ್ತಿ ತಾನ ಫೋನ್ ಮಾಡಿ ಬರ್ತೇನಿ ಅನ್ನೂದೈತೇನಲೇ? ನೀವು ಕರೀಬೇಕು, ನಾ ಬರಬೇಕು. ಕಾದೆ."

ನಿಂಗಣ್ಣ ಬಗ್ಗಿ ಅಕ್ಕನ ಪಾದ ಮುಟ್ಟಿದ. ಆಮೇಲೆ ಹೆಸರಿಡುವ ದಿನ ಹಂಚುವ, ಬೇಯಿಸಿದ ಕಾಳಿನ ಗುಗ್ಗರಿಯ ಡಬ್ಬಿ ಅವಳ ಮುಂದಿಟ್ಟ.

"ತಪ್ಪಾತು ಅಕ್ಕಾ. ಈಗ ಕರಿಯಾಕ ಬಂದೇವಿ. ಹೆಸರಿಡು ಬಾ."

ಮಹಾನಂದಾ ಅಳುತ್ತಲೇ ನಕ್ಕಳು. ಕಲ್ಲನ್ನು ತೊಟ್ಟಿಲಿನಿಂದ ತೆಗೆದು, ಆ ಜಾಗದಲ್ಲಿ ಚೇತನಾ ಚೀಲದಲ್ಲಿ ತಂದಿದ್ದ ಲ್ಯಾಪ್‌ಟಾಪ್ ಮಲಗಿಸಿದಳು. ಹೆಸರು ಹೇಗೂ ಊರಿಗೆಲ್ಲ ಗೊತ್ತಿತ್ತು. ಕಿವಿಯಲ್ಲಿ ಹೇಳಲು ಉಳಿದ ಗುಟ್ಟು ಒಂದೇ. ಅವಳು ಸೋದರಸೊಸೆ ಚೇತನಾಳ ಕಿವಿಗೆ ಬಾಯಿಟ್ಟು "ಕುರ್ರ್..." ಎಂದು, ಆಮೇಲೆ ಮೆಲ್ಲಗೆ ಪಾಸ್‌ವರ್ಡ್ ಉಸುರಿದಳು.

ಹೆಸರಿಡುವಾಗ ಕೂಸಿನ ಕಿವಿಯಲ್ಲಿ ಹಾಗೆ ಕುರ್ರ್ ಎಂದ ಸೋದರತ್ತೆಯ ಬೆನ್ನಿಗೆ ಉಳಿದವರು ಗುದ್ದಬೇಕು. ಅದು ಪದ್ಧತಿ.

ಶಿವಲಿಂಗವ್ವ ಒಳಗೊಳಗೇ ಶಿವನನ್ನು ನೆನೆದು, ಸೀರೆಯ ನೆರಿಗೆ ಸಿಕ್ಕಿಸಿ, ಹಳೆಯ ಪೊಲೀಸ್ ಕೈಯನ್ನು ಎತ್ತಿದಳು.

"ಅಯ್ಯಯ್ಯ, ಸಾವಕಾಶ ಅಕ್ಕಾರ!" ಎಂದಳು ಮಹಾನಂದಾ.

"ಆರೋಪಿ ಸಿಕ್ಕಮ್ಯಾಲ ಸಾವಕಾಶ ಎಲ್ಲಿದವಾ?" ಎಂದು ಶಿವಲಿಂಗವ್ವ ಮೊದಲ ಗುದ್ದು ಹಾಕಿದಳು.