ತೊಳೆಯದ ಬಾಟಲಿ

ಬೆಲ್ ಹೊಡೆಯಿತು!

ಬೆಳಗಿನ ಆರೂ ಇಪ್ಪತ್ತು. ಅಡುಗೆಮನೆಯಲ್ಲಿದ್ದ ಅವಳು ಒಲೆ ಆರಿಸಿ ಬಾಗಿಲತ್ತ ತಿರುಗಿದಳು. ಒಳಕೋಣೆಯಲ್ಲಿ ಅಜ್ಜಿ ಗುನುಗುತ್ತಿದ್ದ ಪದ್ಯವೂ ಅರ್ಧಕ್ಕೇ ನಿಂತಿತು.

ಆರರಿಂದ ಏಳು... ಅದು ಅವಳೇ ಬರೆದುಕೊಟ್ಟ ಗಂಟೆ. ದೊಡ್ಡ ಪಂದ್ಯಗಳಲ್ಲಿ ಓಡುವವರು ದಿನಕ್ಕೊಂದು ಗಂಟೆ ತಾವು ಎಲ್ಲಿರುತ್ತೇವೆಂದು ಮೊದಲೇ ತಿಳಿಸಿರಬೇಕು. ಆ ಗಂಟೆಯಲ್ಲಿ ಡೋಪಿಂಗ್ ಪರೀಕ್ಷೆಯವರು ಯಾವತ್ತು ಬೇಕಾದರೂ ಬಂದು ಮೂತ್ರದ ಮಾದರಿ ಕೇಳಬಹುದು. ಮೂರು ವರ್ಷ ಅದು ಅವಳಿಗೆ ಹಾಲಿನವನು ಬಂದಷ್ಟೇ ಸಹಜವಾಗಿತ್ತು. ಈ ಹನ್ನೊಂದು ದಿನಗಳಿಂದ ಮಾತ್ರ...

'ಬಂದೇ ಬಿಟ್ಟರಾ? ಇವತ್ತೇನಾ?'

ಬಾಗಿಲಿನ ಕಿಂಡಿಗೆ ಕಣ್ಣಿಟ್ಟಳು. ಪರೀಕ್ಷೆಯವರಲ್ಲ... ಅವನು!

ತಂಡದಲ್ಲಿ ಅವನಿಗೆ 'ಗಡಿಯಾರ' ಎಂದೇ ಹೆಸರು. ಐದಕ್ಕೆ ಎಂದರೆ ಐದಕ್ಕೇ ಮೈದಾನದಲ್ಲಿರುವವನು. ನಾಲ್ವರ ರಿಲೇ ಓಟದಲ್ಲಿ ಅವನು ಮೂರನೆಯವನು, ಇವಳು ಕೊನೆಯವಳು. ಇವಳ ಕೈಗೆ ಕೋಲು ಕೊಡುವವನು ಅವನೇ. ಸಣಕಲು ಮೈಯ ಇವಳಿಗೆ 'ಕಡ್ಡಿ' ಎಂದು ಹೆಸರಿಟ್ಟವನೂ ಅವನೇ.

ಹನ್ನೊಂದು ದಿನಗಳ ಹಿಂದೆ ಅವನ ಮಾದರಿಯಲ್ಲಿ ನಿಷೇಧಿತ ಮದ್ದು ಸಿಕ್ಕಿತೆಂದು ಸುದ್ದಿ ಬಂತು. ಅಂದೇ ತಂಡದಿಂದ ಹೊರಗೆ. ಅಂದಿನಿಂದ ಯಾರೂ ಅವನಿಗೆ ಫೋನು ಮಾಡಿರಲಿಲ್ಲ. ಇವಳೂ ಮಾಡಿರಲಿಲ್ಲ.

ಸರಪಳಿ ತೆಗೆಯದೆಯೇ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಳು.

"ಹೆದರಿಸಿದ್ನಾ?"

"ಇ... ಇಲ್ಲ."

"ಸುಳ್ಳು ಹೇಳೋಕೆ ಬರಲ್ಲ ನಿನಗೆ, ಕಡ್ಡಿ."

ಅವನ ಕಣ್ಣುಗಳ ಕೆಳಗೆ ಕಪ್ಪು ಕಟ್ಟಿತ್ತು. ಗಡ್ಡ ಬೋಳಿಸಿ ನಾಲ್ಕು ದಿನವಾದರೂ ಆಗಿರಬೇಕು.

"ನಾಳೆ ಹತ್ತು ಗಂಟೆಗೆ ಲ್ಯಾಬಲ್ಲಿ ನನ್ನ ಮಾದರಿಯ ಎರಡನೇ ಶೀಶೆ ತೆಗೆದು ಮತ್ತೆ ಪರೀಕ್ಷೆ ಮಾಡ್ತಾರೆ. ಮುದ್ರೆ ಒಡೆಯೋವಾಗ ನನ್ನ ಕಡೆಯವರು ಒಬ್ಬರು ಇರಬಹುದಂತೆ. ನೋಡಿ ಸೈನ್ ಹಾಕ್ಬೇಕು, ಅಷ್ಟೇ. ಉದ್ದಣ್ಣನ್ನ ಕೇಳಿದೆ, ಮಂಡಿನೋವಂತೆ. ಅಕ್ಕನ್ನ ಕೇಳಿದೆ, ಮಗುಗೆ ಜ್ವರವಂತೆ." ಅವನು ನಗಲು ಪ್ರಯತ್ನಿಸಿದ. "ನನ್ನ ಹೆಸರು ಕೇಳಿದ ಕೂಡ್ಲೇ ಊರಿಗೆಲ್ಲ ಕಾಯಿಲೆ ನೋಡು!"

ಉದ್ದಣ್ಣ ಮೊದಲ ಓಟಗಾರ, ಅಕ್ಕ ಎರಡನೆಯವಳು. ಇನ್ನು ಉಳಿದವಳು ಇವಳೊಬ್ಬಳೇ.

ಅವಳು ಒಳಕೋಣೆಯತ್ತ ನೋಡಿದಳು. "ನಾನು... ಅಜ್ಜಿ ಒಬ್ರೇ ಇರ್ತಾರೆ..."

ಒಳಗಿನಿಂದ ಕೆಮ್ಮು ಕೇಳಿಸಿತು. "ನನ್ನನ್ಯಾಕೆ ಅಡ್ಡ ಹಿಡೀತೀಯೇ? ನಾನೆಲ್ಲಿ ಓಡಿಹೋಗ್ತೀನಿ?"

ಅವಳು ತಲೆ ತಗ್ಗಿಸಿದಳು. ಅವನು ಇನ್ನೊಮ್ಮೆ ಕೇಳಲಿಲ್ಲ. ಬ್ಯಾಗಿನಿಂದ ನೀರಿನ ಬಾಟಲಿಯೊಂದನ್ನು ತೆಗೆದು ಬಾಗಿಲ ಸಂದಿಯಲ್ಲಿ ಚಾಚಿದ. ಅದರ ಕೊರಳಿಗೆ ಹಸಿರು ಟೇಪು. ಅವಳದೇ ಗುರುತು.

"ಫೈನಲ್ ದಿನ ನನ್ನ ಹತ್ರಾನೇ ಉಳಿದಿತ್ತು. ತೊಳೆದಿಲ್ಲ." ಬ್ಯಾಗಿನ ಜಿಪ್ ಎಳೆದ. "ಏನು ಮಾಡ್ಬೇಕು ಅನ್ಸುತ್ತೋ ನೀನೇ ಮಾಡು."

ಮೆಟ್ಟಿಲಿಳಿದು ಹೋದ. ಒಂದೊಂದೇ ಮೆಟ್ಟಿಲು... ಓಡಬಲ್ಲವನ ಹೆಜ್ಜೆಯಲ್ಲ ಅದು.

ತೊಳೆದಿಲ್ಲ ಎಂದನಲ್ಲ, ಯಾಕೆ?

ಬಾಟಲಿಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಬಿಳಿಯ ಪುಡಿ ಬಳೆಯಂತೆ ಸುತ್ತ ಒಣಗಿ ಅಂಟಿತ್ತು. ಆಗ ನೆನಪಾಯಿತು. ಫೈನಲ್‌ಗೆ ಮೊದಲು ಅವನ ಬಾಟಲಿ ಕೆಳಗೆ ಬಿದ್ದು ಒಡೆದಿತ್ತು. ಇವಳು ತನ್ನದನ್ನು ಅವನತ್ತ ಎಸೆದಿದ್ದಳು.

"ಎಂಜಲು ಮಾಡಿದ್ದೀಯಾ?"

"ಮಾಡಿದ್ದೀನಿ. ಬೇಡಾ ಅಂದ್ರೆ ಬಿಡು!"

ಅವನು ಇವಳನ್ನೇ ನೋಡುತ್ತಾ ಗಟಗಟ ಕುಡಿದಿದ್ದ. ಆ ಗುಟುಕುಗಳನ್ನು ನೆನೆದು ಎಷ್ಟು ದಿನ ಒಳಗೊಳಗೇ ನಕ್ಕಿದ್ದಳು!

ಆ ನೀರಿನಲ್ಲಿ ತರಬೇತುದಾರರು ಕೊಟ್ಟ ಪುಡಿಯಿತ್ತು.

"ಸುಸ್ತು ಕಳೆಯೋ ಪುಡಿ, ಮಗಳೇ. ನಿನಗೊಬ್ಬಳಿಗೇ ಕೊಡ್ತಿರೋದು. ಯಾರಿಗೂ ಹೇಳ್ಬೇಡ, ಹೊಟ್ಟೆಕಿಚ್ಚು ಪಡ್ತಾರೆ" ಎಂದಿದ್ದರು. ಅವಳಿಗೆ ಹೆಮ್ಮೆಯೂ ಆಗಿತ್ತು. ಓಟ ಮುಗಿದ ಮೇಲೆ ಪರೀಕ್ಷೆಗೆಂದು ನಾಲ್ವರಲ್ಲಿ ಒಬ್ಬರ ಚೀಟಿ ಎತ್ತಿದರು. ಅವನದು ಬಂತು. ಸುದ್ದಿ ಕೇಳಿದ ದಿನವೇ ಅವಳು ಉಳಿದ ಪುಡಿಯನ್ನೆಲ್ಲ ಬಚ್ಚಲಿಗೆ ಸುರಿದು ನೀರು ಹೊಯ್ದಿದ್ದಳು. ಅವನೂ ಏನೋ ತೆಗೆದುಕೊಂಡಿರಬೇಕು, ಇಲ್ಲದಿದ್ದರೆ ಅಷ್ಟು ವೇಗ ಎಲ್ಲಿಂದ ಬರುತ್ತೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಹಾಗೆ ನಂಬಿದರಷ್ಟೇ ಅವಳಿಗೆ ನಿದ್ದೆ.

'ಅಯ್ಯೋ... ಅವನು ಕುಡಿದದ್ದು ನನ್ನ ಎಂಜಲು! ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲವೇ?'

ನಲ್ಲಿ ತಿರುಗಿಸಿದಳು. ನೀರು ಭೋರೆಂದು ಬಿತ್ತು. ಒಂದೇ ನಿಮಿಷ... ಒಂದು ಸಲ ಕುಲುಕಿ ಚೆಲ್ಲಿದರೆ ಸಾಕು. ಮುಂದಿನ ತಿಂಗಳ ಪಂದ್ಯ, ತಂಡದ ಜಾಗ, ಪೇಪರಿನಲ್ಲಿ ಬಂದ ಫೋಟೋ, ಎಲ್ಲ ಉಳಿಯುತ್ತದೆ.

"ಬಾಟಲಿ ತೊಳೆಯೋಕೆ ಇಷ್ಟ್ಯಾಕೆ ನಡುಗ್ತೀಯೇ?" ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಅಜ್ಜಿ ಕೇಳಿ ಮುಗಿಸಿ ತಾವೇ ಕೈ ಚಾಚಿ ನಲ್ಲಿ ನಿಲ್ಲಿಸಿದರು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಾನೂ ನಿನಗೆ ಅದನ್ನೇ ಹೇಳಿಕೊಟ್ಟೆ. ಆದ್ರೆ ಕದ್ದ ಬಂಗಾರಾನೂ ಬಂಗಾರಾನೇ ಕಣೇ... ಕೊರಳಿಗೆ ಹಾಕ್ಕೊಂಡು ದೇವರ ಮುಂದೆ ನಿಲ್ಲೋಕಾಗಲ್ಲ, ಅಷ್ಟೇ."

ಸಂಜೆ ಅಭ್ಯಾಸ ಮುಗಿದ ಮೇಲೆ, ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಬೆಂಚಿನಲ್ಲಿ ಮೂವರೂ ಶೂ ಬಿಚ್ಚುತ್ತಾ ಕುಳಿತಿದ್ದರು. ಅವನು ಕೂರುತ್ತಿದ್ದ ಮೂಲೆ ಖಾಲಿಯಿತ್ತು. ಯಾರೂ ಅಲ್ಲಿ ಟವೆಲನ್ನೂ ಇಟ್ಟಿರಲಿಲ್ಲ.

ಅವಳು ಬಾಟಲಿಯನ್ನು ಬೆಂಚಿನ ಮೇಲಿಟ್ಟಳು. "ಅವನು ಕುಡಿದಿದ್ದು ಇದನ್ನ. ಸರ್ ನನಗೆ ಕೊಟ್ಟಿದ್ದ ಪುಡಿ ಇದರಲ್ಲಿತ್ತು."

ಉದ್ದಣ್ಣನ ಕೈ ಲೇಸಿನ ಮೇಲೆ ಹಾಗೇ ನಿಂತಿತು. ಅಕ್ಕ ತನ್ನ ಬ್ಯಾಗನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು. ಮಗುವನ್ನು ಎಳೆದುಕೊಂಡಂತೆ.

ಅವಳು ಆ ಬ್ಯಾಗನ್ನೇ ನೋಡಿದಳು.

"ಅಕ್ಕಾ... ನಿನಗೂ?"

ಅಕ್ಕನ ಕಣ್ಣು ತುಂಬಿತು. "ನನಗೊಬ್ಬಳಿಗೇ ಅಂದಿದ್ರು ಕಣೇ... ಬಾಣಂತನ ಆದ ಮೈ, ಬೇಗ ಶಕ್ತಿ ಬರಲಿ ಅಂತ..."

ಇಬ್ಬರೂ ಉದ್ದಣ್ಣನ ಕಡೆ ತಿರುಗಿದರು.

"ನನ್ನನ್ಯಾಕೆ ನೋಡ್ತೀರಾ?" ಅವನ ದನಿ ಒಡೆಯಿತು. "ಸರ್ ಪುಡಿ ಕೊಟ್ಟಾಗ ಅವನೊಬ್ನೇ ಬೇಡ ಅಂದಿದ್ದು. ನನಗೆ ಗೊತ್ತು, ನಾನು ಪಕ್ಕದಲ್ಲೇ ಇದ್ದೆ. ದೊಡ್ಡ ಸತ್ಯಹರಿಶ್ಚಂದ್ರ ಅಂತ ನಕ್ಕಿದ್ದೆ!" ಒಂದೇ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊರಟೇಹೋದ.

ಹನ್ನೊಂದು ದಿನ ಅವಳು ಅಂದುಕೊಂಡಿದ್ದಳು, ಇವರೆಲ್ಲ ಅವನ ಮೇಲಿನ ಸಿಟ್ಟಿಗೆ ಬಾಯಿ ಮುಚ್ಚಿದ್ದಾರೆಂದು. ಸಿಟ್ಟೆಲ್ಲಿ ಬಂತು! ಎಲ್ಲರೂ ತಂತಮ್ಮ ಬಾಟಲಿಗೆ ಹೆದರಿ ಕುಳಿತಿದ್ದರು. ಪ್ರತಿಯೊಬ್ಬರಿಗೂ ಕಳ್ಳ ತಾನೊಬ್ಬನೇ ಎಂಬ ಭಯ.

"ಏನದು?"

ತರಬೇತುದಾರರು ಬಂದು ನಿಂತಿದ್ದರು. ಅವರ ಕಣ್ಣು ಹಸಿರು ಟೇಪಿನ ಮೇಲಿತ್ತು. ದನಿ ಮಾತ್ರ ಬೆಣ್ಣೆ. "ಹಳೇ ಬಾಟಲಿ ಯಾಕೆ ಇಟ್ಕೊಂಡಿದ್ದೀಯಾ? ಕೊಡಿಲ್ಲಿ, ಕಸಕ್ಕೆ ಹಾಕ್ತೀನಿ."

ಅವಳು ಬಾಟಲಿಯನ್ನು ಬ್ಯಾಗಿಗೆ ತುರುಕಿ ಜಿಪ್ ಎಳೆದಳು.

"ಯೋಚನೆ ಮಾಡು ಮಗಳೇ. ಅವನ ಕಥೆ ಮುಗೀತು. ನೀನಿನ್ನೂ ಓಡ್ಬೇಕಲ್ವಾ?"

ಅವಳು ಎದ್ದು ಹೊರಟಳು. ಗೇಟಿನವರೆಗೂ ಬೆನ್ನಿಗೆ ಆ ನೋಟ ಚುಚ್ಚುತ್ತಲೇ ಇತ್ತು.

ಮರುದಿನ ಹತ್ತಕ್ಕೆ ಐದು ನಿಮಿಷ. ಲ್ಯಾಬಿನ ಉದ್ದನೆಯ ಕಾರಿಡಾರು. ಕೊನೆಯ ಕುರ್ಚಿಯಲ್ಲಿ ಅವನೊಬ್ಬನೇ, ನೆಲ ನೋಡುತ್ತಾ ಕುಳಿತಿದ್ದ. ಹೆಜ್ಜೆಯ ಸದ್ದಿಗೆ ತಲೆಯೆತ್ತಿದವನು ಎದ್ದೇಬಿಟ್ಟ.

"ಕಡ್ಡಿ! ಯಾಕೆ ಬಂದೆ?"

"ನೋಡಿ ಸೈನ್ ಹಾಕೋಕೆ." ಬಾಟಲಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದಳು. "ಇದನ್ನೂ ಕೊಡೋಕೆ. ಯಾರು ಕೊಟ್ಟ ಪುಡಿ ಅಂತಾನೂ ಬರೆದುಕೊಡ್ತೀನಿ."

"ಹುಚ್ಚಾ ನಿನಗೆ? ನಿನ್ನನ್ನೂ ತೆಗೀತಾರೆ. ಎಷ್ಟು ವರ್ಷಾನೋ ಏನೋ..."

"ತೆಗೀಲಿ."

"ಹೆದರಿಕೆ ಆಗ್ತಿಲ್ವಾ?"

"ಆಗ್ತಿದೆ. ಕೈ ನೋಡು."

ಗಡಗಡ ನಡುಗುತ್ತಿದ್ದ ಆ ಬೆರಳುಗಳನ್ನು ಅವನು ಬಾಟಲಿಯ ಸಮೇತ ತನ್ನ ಅಂಗೈಗಳಲ್ಲಿ ಮುಚ್ಚಿಕೊಂಡ. ಎಷ್ಟು ಸಲ ಕೋಲು ಕೊಟ್ಟ ಕೈ ಅದು! ಕೊಟ್ಟ ಕೂಡಲೇ ಬಿಡುತ್ತಿತ್ತು. ಇವತ್ತು ಬಿಡಲಿಲ್ಲ.

"ಮೊದಲ ದಿನವೇ ಹೇಳ್ಬಹುದಿತ್ತಲ್ಲ ನೀನು..." ಅವಳ ಕೆನ್ನೆ ಒದ್ದೆಯಾಗಿತ್ತು. "ನಾನು ನಿನ್ನನ್ನೇ ತಪ್ಪಿತಸ್ಥ ಅಂದ್ಕೊಂಡೆ ಗೊತ್ತಾ? ಅಂದ್ಕೊಂಡು ನಿದ್ದೆ ಮಾಡ್ದೆ. ನೀನ್ಯಾಕೆ ಸುಮ್ನಿದ್ದೆ?"

ಅವನ ಹೆಬ್ಬೆರಳು ಹಸಿರು ಟೇಪನ್ನು ಸವರಿತು.

"ಬಾಯಿ ತೆಗೆದಾಗಲೆಲ್ಲ ನಿನ್ನ ಹೆಸರೇ ಬರ್ತಿತ್ತು. ಅಂಥ ಕಾಗದದಲ್ಲಿ ಅದನ್ನ ಬರೆಸೋಕೆ ಮನಸ್ಸಾಗಲಿಲ್ಲ... ಬೇರೆ ಕಾಗದದಲ್ಲಿ ಬರೆಸ್ಬೇಕು ಅಂತಿತ್ತು. ನನ್ನ ಹೆಸರಿನ ಪಕ್ಕ."

ಅವಳು ಒದ್ದೆ ಕೆನ್ನೆಯನ್ನು ಭುಜಕ್ಕೆ ಒರೆಸಿಕೊಂಡಳು.

ಅವಳ ಫೋನು ಮಿಣುಕಿತು. ಅಕ್ಕನ ಮೆಸೇಜು. 'ಮಗುಗೆ ಜ್ವರ ಇಲ್ಲ. ಗೇಟಿನ ಹೊರಗೆ ನಿಂತಿದ್ದೀನಿ. ಒಳಗೆ ಬರೋಕೆ ಕಾಲು ಬರ್ತಿಲ್ಲ. ನೀವು ಬರೋವರೆಗೂ ಇಲ್ಲೇ ಇರ್ತೀನಿ.'

ಅವನು ಅದನ್ನು ಓದಿ, ಇನ್ನೊಮ್ಮೆ ಓದಿದ. ಕಣ್ಣೊರೆಸಿಕೊಂಡ.

ಬಿಳಿ ಕೋಟಿನವರೊಬ್ಬರು ಬಾಗಿಲು ತೆರೆದರು. "ಸಾಕ್ಷಿ ಯಾರು?"

"ನಾನು," ಎಂದಳು ಅವಳು. ದನಿ ಸಣ್ಣದಿತ್ತು, ಆದರೆ ಕಾರಿಡಾರಿನ ಕೊನೆಯವರೆಗೂ ಕೇಳಿಸಿತು.

ಹೊಸ್ತಿಲ ಬಳಿ ಅವಳು ಅವನ ತೋಳು ಹಿಡಿದಳು. "ನಾಳೆ ಬೆಳಿಗ್ಗೆ ಮತ್ತೆ ಬೆಲ್ ಹೊಡೆಯುತ್ತೆ... ಪ್ರತಿ ಸಲ ನನ್ನ ಜೀವ ಹೋಗುತ್ತೆ ಕಣೋ."

"ನಾನೇ ಬರ್ತೀನಿ. ಗುರುತಿಗೆ ಮೂರು ಸಲ ಹೊಡೀತೀನಿ."

"ಅಷ್ಟು ಹೊತ್ತಿಗೇ? ಅಜ್ಜಿ ಬೈತಾರೆ."

"ಬೈಲಿ ಬಿಡು," ಎಂದ ಅವನು. "ಹನ್ನೆರಡು ದಿನದಿಂದ ನನ್ನನ್ನ ಬೈಯೋಕೂ ಯಾರೂ ಇರಲಿಲ್ಲ."